ನಾನು ಬೆಲ್ಲ ಕದ್ದಿರಲಿಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಒಂದು ವರ್ಷ ನಮ್ಮ ಮನೆಯಲ್ಲಿ ಯಾರೂ ಈ ಮಾತನ್ನು ನಂಬಲಿಲ್ಲ.

ಸಕ್ಕರೆ ಕಾಯಿಲೆ ಬಂದ ದಿನದಿಂದ ನಾನು ಬೆಲ್ಲದ ಕಾಫಿ ಬಿಟ್ಟಿದ್ದೆ. ಹೆತ್ತೂರಿನ ಕಡೆಯವಳು ಸ್ವಂತ ತೋಟದ ಕಾಫಿಯನ್ನು ಸಪ್ಪೆ ಕುಡಿಯುವುದೆಂದರೆ ತಮಾಷೆಯಲ್ಲ. ರೊಟ್ಟಿ, ಅನ್ನ ಬಿಟ್ಟು ಎರಡು ಹೊತ್ತೂ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಪ್ರತಿ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಏರಿಯೇ ಇರುತ್ತಿತ್ತು. ಡಾಕ್ಟರು ನನ್ನನ್ನು ಬಿಟ್ಟು ನನ್ನ ಗಂಡನ ಮುಖ ನೋಡಿ, "ಮನೇಲಿ ಸ್ವಲ್ಪ ಗಮನಿಸಿ" ಎಂದರು. ಆ ಸಂಜೆಯೇ ಬೆಲ್ಲದ ಡಬ್ಬಿ ಅಟ್ಟ ಹತ್ತಿತು.

"ಕದ್ದು ತಿಂತೀಯ ಕಣೇ. ಇಲ್ದಿದ್ರೆ ಎಲ್ಲಿಂದ ಬತ್ತೈತೆ ಇದು?" ಎಂದರು ನಮ್ಮ ಯಜಮಾನರು. ಡಬ್ಬಿ ಅಟ್ಟದಲ್ಲಿದ್ದರೂ ಸಕ್ಕರೆ ಇಳಿಯದಿದ್ದಾಗ, "ಪಕ್ಕದ ಮನೇಲಿ ತಿಂತೀಯ" ಎಂದರು. ಮೂವತ್ತು ವರ್ಷ ನಮ್ಮ ಮನೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಈಗ ಒಂದಚ್ಚು ಬೆಲ್ಲಕ್ಕೆ ಕಳ್ಳಿಯಾದೆ.

ಅದೇ ದಿನಗಳಲ್ಲಿ ನನ್ನ ವಸಡಿನಿಂದ ರಕ್ತ ಬರುತ್ತಿತ್ತು. ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ರಕ್ತ ಬರುವ ಕಡೆ ಬ್ರಷ್ ತಾಗಿಸಬಾರದೆಂದು ಬೆರಳಲ್ಲೇ ಉಜ್ಜುತ್ತಿದ್ದೆ, ವಯಸ್ಸಾಯಿತಲ್ಲ ಎಂದುಕೊಂಡೆ. ಕೊನೆಗೆ ವಸಡು ಊದಿ ಕೀವು ಬಂದಾಗ ಒಬ್ಬಳೇ ಬಸ್ಸು ಹತ್ತಿ ಸಕಲೇಶಪುರದ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿ ತೆರೆಸಿ ನೋಡಿದರು.

"ಇಷ್ಟು ದಿನ ಅಗಿಯೋಕೆ ಕಷ್ಟ ಆಗ್ಲಿಲ್ವಾ ಅಮ್ಮ?"

"ಮುದ್ದೆನ ಯಾರವ್ವ ಅಗೀತಾರೆ? ನುಂಗೋದಲ್ವಾ?" ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ಅಕ್ಕಿರೊಟ್ಟಿ ತಿನ್ನುತ್ತಿದ್ದರೆ ಮೊದಲ ತುಂಡಿಗೇ ಗೊತ್ತಾಗುತ್ತಿತ್ತು. ನನ್ನ ಪಥ್ಯವೇ ಹಲ್ಲಿನ ಕಾಯಿಲೆಯನ್ನು ಮುಚ್ಚಿಟ್ಟಿತ್ತು.

ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಇಳಿಯಗೊಡುವುದಿಲ್ಲ ಎಂದು ಆಕೆ ಬಿಡಿಸಿ ಹೇಳಿದರು. "ಮಾತ್ರೆ, ಪಥ್ಯ ಬಿಡೋ ಹಾಗಿಲ್ಲ. ವಸಡು ವಾಸಿಯಾದ್ರೆ ಸಕ್ಕರೆನೂ ಸ್ವಲ್ಪ ಇಳೀಬಹುದು." ನನಗೆ ಆ ಸ್ವಲ್ಪವೇ ಸಾಕಿತ್ತು.

ವಸಡು ಶುಚಿ ಮಾಡಿಸುತ್ತೇನೆ ಎಂದಾಗ ಮನೆಯಲ್ಲಿ ರಂಪವಾಯಿತು. "ಸಕ್ಕರೆ ಇರೋರು ಹಲ್ಲಿಗೆ ಕೈ ಹಾಕಿಸ್ತಾರೇನೇ? ಗಾಯ ಮಾಯಾಕಿಲ್ಲ, ಸತ್ತೋಗ್ಬುಡ್ತೀಯ!" ಎಂದರು ಯಜಮಾನರು.

"ಕಳ್ಳಿ ಅನ್ನಿಸ್ಕೊಂಡು ಬದುಕೋದಕ್ಕಿಂತ ಅದೇ ವಾಸಿ ಬಿಡ್ರಿ," ಎಂದೆ.

ಇಬ್ಬರು ಡಾಕ್ಟರೂ ಮಾತಾಡಿಕೊಂಡು ಒಪ್ಪಿದ ಮೇಲೆ ನಾಲ್ಕು ಸಲ ಹೋದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನೊಳಗೆ ಕೆರೆದು ಶುಚಿ ಮಾಡಿದರು. ಗಾಯ ಮಾಯಿತು, ನಾನೂ ಸಾಯಲಿಲ್ಲ.

ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿತ್ತು. ಪೂರ್ತಿ ಅಲ್ಲ, ಆದರೆ ಇಳಿದಿತ್ತು. ಅದೇ ಮಾತ್ರೆ, ಅದೇ ಮುದ್ದೆ. ಯಜಮಾನರು ವರದಿಯನ್ನು ಎರಡು ಸಲ ಓದಿದರು. ಏಣಿ ಹಾಕಿ ಡಬ್ಬಿ ಇಳಿಸಿ, ಒಲೆಯ ಪಕ್ಕದ ಗೂಡಿನಲ್ಲಿಟ್ಟು ತೋಟಕ್ಕೆ ಹೋದರು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿ ಉಗುಳಿದವರು ಗಡಿಬಿಡಿಯಲ್ಲಿ ಒಂದು ಚೊಂಬು ನೀರು ಸುರಿದರು. ನೀರು ಕೆಂಪಾಗಿ ಹರಿಯಿತು.

"ಬಾಯಿ ತೆಗೀರಿ," ಎಂದೆ.

"ನಂಗೇನೂ ಆಗಿಲ್ಲ ಕಣೇ."

"ನಾನೂ ಬೆಲ್ಲ ತಿಂದಿರ್ಲಿಲ್ಲ. ತೆಗೀರಿ."

ತೆಗೆದರು.