ಗಟ್ಟಿಮೇಳಕ್ಕೆ ಬದಲಾಗಿ ಒಂದು ಹಾರ್ಪ್

ಮೂರು ವರ್ಷಗಳ ಹಿಂದೆ ನಾನು ಶಿರಸಿಯ ಒಂದು ವಿವಾಹ ನಿರ್ವಹಣಾ ಸಂಸ್ಥೆಯಲ್ಲಿ ಸಂಯೋಜಕನಾಗಿ ಸೇರಿದ್ದೆ. ಇಡಗುಂದಿಯ ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಅಪ್ಪನಿಗೆ ನನ್ನ ಹುದ್ದೆಯನ್ನು ವಿವರಿಸುವುದು ಸುಲಭವಿರಲಿಲ್ಲ. “ಬೇರೆಯವ್ರ ಮದುವೆಯಲ್ಲಿ ಓಡಾಡೂದಕ್ಕೂ ಡಿಗ್ರಿ ಬೇಕಾ ತಮಾ?” ಎಂದು ಅವರು ಒಮ್ಮೆ ಕೇಳಿದ್ದರು. ಆ ಬೇಸಿಗೆಯ ಸಾಲು ಮದುವೆಗಳ ದಣಿವಿನಲ್ಲಿ ನನಗೂ ಅದೇ ಅನುಮಾನ ಬರತೊಡಗಿತ್ತು.

ಗುಡ್ನಾಪುರದ ಕೆರೆಯ ಸಮೀಪದ ಬಯಲಿನಲ್ಲಿ ನಡೆಯಬೇಕಿದ್ದ ಒಂದು ಮದುವೆಯ ವಧು, ಸಿದ್ದಾಪುರ ಕಡೆಯ ಶಿಕ್ಷಕಿ ಸ್ಮಿತಾ. ಅವರ ಬೇಡಿಕೆ ಒಂದೇ: ಮಂಗಳವಾದ್ಯ ಬೇಡ, ಹಾರ್ಪ್ ಬೇಕು. ಹಾರ್ಪ್ ಎಂದರೆ ಎತ್ತರದ ಮರದ ಚೌಕಟ್ಟಿಗೆ ತಂತಿಗಳನ್ನು ಬಿಗಿದು, ಎರಡೂ ಕೈಗಳ ಬೆರಳುಗಳಿಂದ ಮೀಟುವ ಪಾಶ್ಚಾತ್ಯ ವಾದ್ಯ. ಶೋಕಿಯೆಂದೇ ನಾನು ಭಾವಿಸಿದ್ದೆ. ಕಾರಣವನ್ನು ಅವರೇ ಹೇಳಿದರು. ಅವರ ತಮ್ಮ ಪ್ರಸನ್ನ ವಯಸ್ಕನಾದರೂ, ಆಟಿಸಂ ಇರುವುದರಿಂದ, ಡೋಲಿನ ಸದ್ದು ಅವನಿಗೆ ಮೈಮೇಲೆ ಪೆಟ್ಟು ಬಿದ್ದಂತೆ. ಹಿಂದೊಂದು ಮದುವೆಯಲ್ಲಿ ಕಿವಿ ಮುಚ್ಚಿಕೊಂಡು ಓಡಿದವನು ಸಂಜೆಯವರೆಗೂ ಸಿಕ್ಕಿರಲಿಲ್ಲ.

“ಲಾಜಾಹೋಮದಲ್ಲಿ ನನ್ನ ಕೈಗೆ ಅರಳು ಹಾಕ್ಬೇಕಾದವ ಅವನು ಸರ್. ಅವ ಕೂತ್ಕೊಳ್ಳೋ ಹಾಂಗೆ ಮದುವೆ ಮಾಡ್ಕೊಡಿ.”

ಗೋವಾದಿಂದ ಹಾರ್ಪ್ ವಾದಕಿ ಲವಿನಾ ಬಂದರು. ಬಿಸಿಲಿಗೂ ಕೆರೆಯ ತೇವದ ಗಾಳಿಗೂ ತಂತಿಗಳ ಶ್ರುತಿ ಕದಲುತ್ತದೆ. ನೆರಳು ಸರಿದಂತೆಲ್ಲ ನಾವು ವಾದ್ಯವನ್ನು ಸರಿಸಿದೆವು. ಪ್ರತಿ ಸಲವೂ ಅವರು ಹೊಸದಾಗಿ ಶ್ರುತಿ ಕೂಡಿಸಿದರು. ಮುಹೂರ್ತ ಸಮೀಪಿಸುವಷ್ಟರಲ್ಲಿ ನನ್ನ ಬೆನ್ನು ಸೋತಿತ್ತು.

ಆಗ ವರನ ಸೋದರಮಾವ ನನ್ನ ತೋಳು ಹಿಡಿದರು. “ಎಂತ ಮಾರಾಯಾ, ಇದು ಮದುವೆಯೋ ತೊಟ್ಟಿಲು ಶಾಸ್ತ್ರವೋ? ಗಟ್ಟಿಮೇಳ ಇಲ್ದೆ ತಾಳಿ ಕಟ್ಟೂದು ಹೇಗೆ? ವಾದ್ಯದವ್ರನ್ನ ನಾನೇ ಕರೆಸಿದ್ದೇನೆ.”

ಮರದಡಿಯಲ್ಲಿ ಡೋಲಿನ ಹೊದಿಕೆ ಬಿಚ್ಚುತ್ತಿದ್ದರು. ತಾಳಿ ಕಟ್ಟುವ ಕ್ಷಣದಲ್ಲಿ ಸೀನು, ಅಪಶಬ್ದ ಯಾರ ಕಿವಿಗೂ ಬೀಳಬಾರದೆಂದು ವಾದ್ಯಗಳನ್ನೆಲ್ಲ ಒಟ್ಟಿಗೆ ಜೋರಾಗಿ ನುಡಿಸುವುದೇ ಗಟ್ಟಿಮೇಳ. ಮಂಟಪದಲ್ಲಿ ಪ್ರಸನ್ನ ಅಕ್ಕನ ಸೆರಗಿನ ತುದಿ ಹಿಡಿದು ಕುಳಿತಿದ್ದ. ಇಂಥ ಸಂದರ್ಭಗಳಿಗೆಂದು ನಾನು ಸಿದ್ಧಪಡಿಸಿಕೊಂಡಿದ್ದ ಶುದ್ಧ ವಾಕ್ಯಗಳು ಒಂದೂ ನೆನಪಾಗಲಿಲ್ಲ. ಅವನ ವಿಷಯವನ್ನು ತೊದಲುತ್ತಲೇ ಹೇಳಿದೆ.

ಪಕ್ಕದಲ್ಲಿದ್ದ ವರನ ಅಜ್ಜಿ, ಅಂದರೆ ಆ ಸೋದರಮಾವನ ತಾಯಿ, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗನತ್ತ ತಿರುಗಿದರು.

“ಗಟ್ಟಿಮೇಳ ಎಂತಕ್ಕೆ ಹೇಳಿ ಗೊತ್ತಿದ್ದಾ ನಿಂಗೆ? ಕೆಟ್ಟ ಶಬ್ದ ಕೇಳ್ಲಾಗ ಹೇಳಿ. ಎಲ್ಲರೂ ಬಾಯಿ ಮುಚ್ಗಂಡು ಕೂತ್ರೆ ಕೆಟ್ಟ ಶಬ್ದ ಎಲ್ಲಿಂದ ಬತ್ತು? ಮದ್ಲು ನೀ ಮುಚ್ಚು.”

ಡೋಲಿಗೆ ಮತ್ತೆ ಹೊದಿಕೆ ಬಿತ್ತು. ಮಾತು ಬಾಯಿಂದ ಬಾಯಿಗೆ ಹರಡಿ ಇಡೀ ಸಭೆ ಸುಮ್ಮನಾಯಿತು. ಮದುವೆಗೆ ಬಂದ ಅಷ್ಟು ಜನ ಒಟ್ಟಿಗೆ ಮೌನವಾಗಿದ್ದುದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಬೆರಗಾಗಿ ನೋಡಿದ ಲವಿನಾರಿಗೆ ಮೌನದ ಕಾರಣವನ್ನು ಪಿಸುದನಿಯಲ್ಲಿ ತಿಳಿಸಿದೆ.

ತಾಳಿ ಕಟ್ಟುವ ಕ್ಷಣ ಬಂತು. ಆದರೆ ಭಟ್ಟರ ಅಭ್ಯಾಸ ಎಲ್ಲಿ ಹೋಗಬೇಕು? “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿಯೇ ಬಿಟ್ಟರು. ಸರಿಯಾಗಿ ಅದೇ ಹೊತ್ತಿಗೆ ಧೂಪದ ಹೊಗೆಗೆ ಸೋದರಮಾವನ ಮೂಗು ಅರಳಿತು, ಕಣ್ಣು ಕಿರಿದಾಯಿತು. ಲವಿನಾ ಅದನ್ನು ಕಂಡರು. ಎರಡೂ ಅಂಗೈಗಳಿಂದ ಮೂವತ್ತನಾಲ್ಕು ತಂತಿಗಳನ್ನೂ ಒಮ್ಮೆಲೇ ಬಾಚಿದರು. ಸೀನು ಆ ನಾದದೊಳಗೆ ಮುಳುಗಿತು.

ಪ್ರಸನ್ನನ ಕೈಗಳು ಕಿವಿಯತ್ತ ಏರಿದವು. ಸ್ಮಿತಾ ತಾಳಿಯನ್ನಲ್ಲ, ಅವನನ್ನೇ ನೋಡುತ್ತಿದ್ದರು. ಕೈಗಳು ಕಿವಿಯ ಬಳಿ ತಡೆದು ನಿಂತವು. ಬಳಿಕ ನಿಧಾನವಾಗಿ ಕೆಳಗಿಳಿದವು.

“ಇನ್ನೊಂದ್ಸಲ,” ಎಂದ ಪ್ರಸನ್ನ.

“ಇನ್ನೊಂದ್ಸಲ ತಾಳಿ ಕಟ್ಲೆ ಬತ್ತಿಲ್ಲೆ ತಮಾ!” ಎಂದರು ಅಜ್ಜಿ. ಕಟ್ಟಿ ಹಿಡಿದಿದ್ದ ನಗು ಸಭೆಯಲ್ಲೆಲ್ಲ ಒಡೆಯಿತು.

ಲಾಜಾಹೋಮದಲ್ಲಿ ಅವನು ಒಂದು ಅರಳೂ ಚೆಲ್ಲದಂತೆ ಅಕ್ಕನ ಬೊಗಸೆ ತುಂಬಿದ.

ಹಾರ್ಪನ್ನು ವ್ಯಾನಿಗೆ ಏರಿಸಿ, ಖಾಲಿ ಕುರ್ಚಿಗಳ ನಡುವೆ ಕುಸಿದು ಕುಳಿತಿದ್ದಾಗ ಸೋದರಮಾವ ಬಂದರು.

“ನಾನು ಸೀನಿದ್ದು ಕೇಳಿತಾ?”

“ಇಲ್ಲ.”

“ಹಾಂಗಾದ್ರೆ ಗಟ್ಟಿಮೇಳ ಆಯ್ತು ಅಂತಾಯ್ತು,” ಎಂದು ಹೊರಟುಹೋದರು.

ಇಂದಿಗೂ ಈ ಕೆಲಸದ ದಣಿವು ಕಡಿಮೆಯಾಗಿಲ್ಲ. ಆದರೆ ಯಾವ ಕುಟುಂಬ ಬಂದರೂ, ‘ಏನೇನು ಬೇಕು’ ಎನ್ನುವುದಕ್ಕೆ ಮೊದಲು ‘ಮಂಟಪದಲ್ಲಿ ಯಾರು ಇರಲೇಬೇಕು’ ಎಂದು ಕೇಳುತ್ತೇನೆ. ಹಲವರು ಒಡನೆಯೇ ಉತ್ತರಿಸುವುದಿಲ್ಲ. ಕಾಯುತ್ತೇನೆ. ಅಪ್ಪ ಹೇಳಿದಂತೆ ಇದಕ್ಕೆ ಡಿಗ್ರಿ ಬೇಕಿಲ್ಲ. ಕಾಯುವಷ್ಟು ಹೊತ್ತು ಕಾಲುಗಳಿಗಾದರೂ ವಿಶ್ರಾಂತಿ ಸಿಗುತ್ತದೆ.