ದುರುಗಕ್ಕ ಬಣ್ಣ ಕೆರೆದ ರಂದಾ ಮಷೀನು

ಭರಮಸಾಗರದ ದುರುಗಕ್ಕನ ಕಣ್ಣಿಗೆ ತುಕ್ಕು ಬಿತ್ತೋ, ಮುಗೀತು. ಕಿಟಕಿ ಸರಳಿಗಿರಲಿ, ಸೈಕಲ್ ಕ್ಯಾರಿಯರಿಗೂ ಬಣ್ಣ ಬಳಿದೇಬಿಡೋಳು. ಬಬ್ಬೂರಿಂದ ಮದುವೆಯಾಗಿ ಬಂದ ವರ್ಷವೇ ಬಡಗಿ ಗಂಡ ಮುದ್ದಪ್ಪನ ರಂದಾ ಮಷೀನು ಅವಳ ಕೈಗೆ ಸಿಕ್ಕಿತು. ಒರಟು ಹಲಗೆ ತಳ್ಳಿದರೆ ನುಣುಪಾಗಿ ಹೊರಬರುವ, ಅವನಪ್ಪನ ಕಾಲದ ಬೀಡುಕಬ್ಬಿಣದ ಯಂತ್ರ. ಅಂದಿನಿಂದ ಇಪ್ಪತ್ತಾರು ಆಯುಧಪೂಜೆ, ಇಪ್ಪತ್ತಾರು ಕೋಟು ಬಣ್ಣ. ಸುತ್ತಮುತ್ತ ಅಷ್ಟು ಚೆಂದದ ಮಷೀನೇ ಇಲ್ಲ ಅಂತ ಅವಳಿಗೆ ಹೆಮ್ಮೆಯೋ ಹೆಮ್ಮೆ.

ಅಂಥದ್ದು ಹೋದ ಬೇಸಿಗೆ ನಿಂತೇಹೋಯ್ತು. ಸ್ವಿಚ್ ಹಾಕಿದರೆ ಮೋಟಾರು ಗುಂಯ್‌ಗುಡುತ್ತೆ, ಅಲಗು ಕೂರಿಸಿದ ಶಾಫ್ಟು ಮಾತ್ರ ಜಪ್ಪಯ್ಯ ಅಂದ್ರೂ ತಿರುಗದು. ಮುದ್ದಪ್ಪನಿಗೆ ಮೊದಲೇ ಬಲಭುಜ ಹಿಡಿದುಕೊಂಡಿತ್ತು, ಕೈರಂದಾ ತಳ್ಳುವ ತ್ರಾಣವಿಲ್ಲ.

"ಇದನ್ನ ಗುಜರಿಗೆ ಹಾಕಿ, ದುರ್ಗದಾಗೆ ಎಲ್ಲಾದ್ರೂ ವಾಚ್‌ಮನ್ ಕೆಲಸ ನೋಡ್ಕಂತೀನಿ ಕಣೇ," ಅಂದ.

ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನು ಇನ್ನೊಬ್ಬರ ಬಾಗಿಲು ಕಾಯೋದೇ! ದುರುಗಕ್ಕನಿಗೆ ಹೊಟ್ಟೆ ಉರಿದುಹೋಯ್ತು. "ಗುಜರಿಯವ್ನು ಇತ್ಲಾಗೆ ಬಂದ್ರೆ ಪೊರಕೆ ತಗಂತೀನಿ. ಬಿಚ್ರಿ, ಏನಾಗೈತೆ ನೋಡಾಣ."

ಬಿಚ್ಚೋದಾದ್ರೂ ಎಲ್ಲಿಂದ? ನಟ್ಟು ಬೋಲ್ಟೆಲ್ಲ ಬಣ್ಣದಲ್ಲಿ ಹೂತುಹೋಗಿದ್ದವು. ಥಿನ್ನರ್ ಹಚ್ಚಿ ಅವಳೇ ಕೆರೆಯಲು ಕೂತಳು. ಹಸಿರಿನಡಿ ನೀಲಿ, ನೀಲಿಯಡಿ ಮತ್ತೆ ಹಸಿರು. ನಾಲ್ಕನೇ ದಿನ ಶಾಫ್ಟು ಕೂರುವ ಜಾಗದ ಮೇಲೆ ಬಟಾಣಿಯಷ್ಟು ಗುಳಿ ಕಂಡಿತು. ದಬ್ಬಣದಿಂದ ತಿವಿದರೆ ಗಟ್ಟಿ ಬಣ್ಣ ಬಿರಡೆ ಥರ ಕಿತ್ತುಬಂತು. ಎಣ್ಣೆ ಬಿಡುವ ತೂತು! ಆ ಕಡೆಯದ್ದೂ ಹಾಗೇ ಮುಚ್ಚಿತ್ತು. ಅಯ್ಯೋ ಶಿವನೇ, ಪೂಜೆ ಮಾಡಿ ಮಾಡಿ ತಾನೇ ಅದರ ಉಸಿರು ಕಟ್ಟಿಸಿದ್ದಳು.

ನಾಚಿಕೆಯಿಂದ ಎರಡು ದಿನ ಅದನ್ನು ಗಂಡನಿಂದ ಮುಚ್ಚಿಟ್ಟಳು. ಚಿತ್ರದುರ್ಗದ ಲೇಥ್ ಅಂಗಡಿಯ ಚೇತನ್‌ಕುಮಾರ್ ಬಂದು, ಎಣ್ಣೆಯಿಲ್ಲದೆ ಕಚ್ಚಿಕೊಂಡಿದ್ದ ಶಾಫ್ಟು ಬಿಡಿಸಿ, ಅದರ ಸುತ್ತ ಬಳೆಯಂತಿದ್ದ ಸವೆದ ಬುಶ್ ತೆಗೆದು ಹೊಸದು ಕೂರಿಸಿಹೋದ. ಈಗ ಒಂದು ಬೆರಳಿಗೇ ತಿರುಗಿತು ನೋಡಿ! ಅದನ್ನು ಕಂಡದ್ದೇ ಅವಳಿಗೆ ತಡೆಯಲಾಗಲಿಲ್ಲ.

"ಎಣ್ಣೆ ತೂತು ಮುಚ್ಚಿದ್ದು ನಾನೇ ಕಣ್ರಿ. ಬಣ್ಣ ಬಳಿದೂ ಬಳಿದೂ... ಏನ್ ಬೈತೀರೋ ಬೈರಿ," ಅಂತ ಗಳಗಳ ಅತ್ತಳು.

ಮುದ್ದಪ್ಪ ಬೈಯಲಿಲ್ಲ. ಕತ್ತು ಕೆರೆದುಕೊಂಡ. "ಲೇ, ವಾರವಾರ ಎಣ್ಣೆ ಬಿಡ್ತೀನಿ ಅಂತಿದ್ನಲ್ಲ, ಈ ಹತ್ತು ವರ್ಷದಾಗೆ ಒಂದ್ಸಲನಾದ್ರೂ ಬಿಟ್ಟಿದ್ರೆ ತೂತು ಮುಚ್ಚಿರೋದು ನಂಗೆ ಕಾಣ್ತಿರ್ಲಿಲ್ವೇನೇ?"

"ಅಯ್ಯೋ ನಿಮ್ಮ! ಅಷ್ಟು ವರ್ಷ ಸುಳ್ಳು ಹೇಳಿದ್ರಾ?" ಅಳುತ್ತಿದ್ದವಳಿಗೆ ನಗು ಉಕ್ಕಿಬಂತು, ಅವನೂ ನಕ್ಕ.

ಸ್ವಿಚ್ ಹಾಕಿದ. ಮಷೀನು ಭರ್ರೆಂದು ತಿರುಗಿತು. ಬೇವಿನ ಹಲಗೆ ಎತ್ತಹೋದರೆ ಭುಜ ಕೇಳಲಿಲ್ಲ. ಮುದ್ದಪ್ಪ ಪಕ್ಕಕ್ಕೆ ಸರಿದು, "ನೀನೇ ತಳ್ಳು. ಬೆರಳು ಹುಷಾರು," ಅಂದ.

ಇಷ್ಟು ವರ್ಷ ಅದನ್ನು ಸಿಂಗರಿಸಿದ್ದಳೇ ಹೊರತು ಒಂದು ದಿನವೂ ಅದಕ್ಕೆ ಹಲಗೆ ಕೊಟ್ಟವಳಲ್ಲ. ಹಲ್ಲುಕಚ್ಚಿ ತಳ್ಳಿದಳು. ಹೊಟ್ಟು ಹಾರಿತು, ಹಲಗೆ ಆಚೆ ಬಂತು. ಮುದ್ದಪ್ಪ ಅದರ ಮೇಲೆ ಅಂಗೈ ಆಡಿಸಿದ, ತಿರುಗಿಸಿ ಇನ್ನೊಂದು ಸಲ ಆಡಿಸಿದ.

"ಇನ್ನೊಂದು ತಗಾ," ಅಂದ. "ಅಳತೆ ನಾನು ಹಾಕ್ಕೊಡ್ತೀನಿ. ಇನ್ಮೇಲೆ ಮಷೀನು ನಿಂದು."