ಮೇಡಂ ಹಾಗೆ ಹೇಳಿರಲಿಲ್ಲ

ಮೇಡಂ ಹಾಗೆ ಹೇಳಿರಲಿಲ್ಲ, ಭಾಗ್ಯ. ತುಮಕೂರಿನ ಸದಾಶಿವನಗರದ ಆ ಕೌನ್ಸೆಲಿಂಗ್ ಮೇಡಂ ನಿನಗೇನೂ ಆಗಿಲ್ಲ, ಇನ್ನು ಬರುವುದು ಬೇಡ ಅಂದರು ಎಂದು ಹನ್ನೊಂದು ವರ್ಷದಿಂದ ನಂಬಿಕೊಂಡು ಬಂದಿದ್ದೀಯಲ್ಲ — ಅದು ನನ್ನ ಸುಳ್ಳು. ನಮ್ಮ ಅಡುಗೆಮನೆಯ ಬಾಗಿಲಲ್ಲಿ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು, ನಿನ್ನ ಮುಖ ನೋಡುತ್ತಲೇ ಹೇಳಿದ ಸುಳ್ಳು. ಅವರು ಹೇಳಿದ್ದು ಅದಕ್ಕೆ ಪೂರ್ತಿ ಉಲ್ಟಾ.

ಬಾಯಲ್ಲೇ ಹೇಳೋಣವೆಂದು ಮೂರು ವಾರದಿಂದ ನೋಡಿದೆ. ಆಗಲಿಲ್ಲ. ಗುಬ್ಬಿಯ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಊರವರ ಕ್ರಯಪತ್ರ, ವಿಭಾಗಪತ್ರ ಬರೆದುಕೊಟ್ಟೇ ಬದುಕಿದವನು ನಾನು. ಬರೆಯುವುದಾದರೂ ಬರುತ್ತದೆ ಅಂತ ಬರೆಯುತ್ತಿದ್ದೇನೆ.

ನನ್ನ ಕೆಲಸದ ರೀತಿ ನಿನಗೆ ಗೊತ್ತು. ಒಳಗೆ ಹೋಗುವ ಮುಂಚೆ ಪಾರ್ಟಿಗಳಿಗೆ ಹೇಳಿಕೊಡುತ್ತೇನೆ — "ಸಾಹೇಬ್ರು ಕೇಳಿದ್ರೆ ಹೂಂ ಅನ್ನಿ ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ." ಜನ ಹೂಂ ಅನ್ನುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ, ನನಗೆ ಕೈ ಮುಗಿದು ಹೋಗುತ್ತಾರೆ. ನಿನ್ನನ್ನೂ ಅವತ್ತು ಹಾಗೇ ಕರೆದುಕೊಂಡು ಹೋದೆ.

ಹೊಟ್ಟೆಯಲ್ಲಿದ್ದ ಮಗು ಹೋಗಿ ಆಗ ಐದು ತಿಂಗಳು. ನೀನು ಬಟ್ಟೆ ಒಗೆದು, ಹಿಂಡದೆ ಬಕೆಟ್ಟಿನಲ್ಲೇ ಬಿಟ್ಟು, ಹಿತ್ತಲಿನ ಕಲ್ಲಿನ ಮೇಲೆ ಕೂತುಬಿಡುತ್ತಿದ್ದೆ. ಮುಗ್ಗಲು ವಾಸನೆ ಬಂದ ಮೇಲೆ ಅದೇ ಬಟ್ಟೆಯನ್ನು ಮತ್ತೆ ಒಗೆಯುತ್ತಿದ್ದೆ. ಎಂಟು ವರ್ಷದ ನಮ್ಮ ಮೇಘನ ಸ್ಕೂಲಿನಿಂದ ಬಂದು ನಿನ್ನ ಪಕ್ಕದಲ್ಲಿ ಕೂರುತ್ತಿದ್ದಳು. ನಮ್ಮೂರಿನ ಲೇಡಿ ಡಾಕ್ಟರು ನೋಡಿ, "ಇದಕ್ಕೆ ಟಾನಿಕ್ ಸಾಲಲ್ಲ. ತುಮಕೂರಲ್ಲಿ ಕೌನ್ಸೆಲಿಂಗ್ ಮಾಡೋರು ಒಬ್ರಿದಾರೆ, ಅವ್ರ ಹತ್ರ ಮಾತಾಡ್ಲಿ" ಎಂದು ವಿಳಾಸ ಬರೆದುಕೊಟ್ಟರು. ನೀನು ಬೇಡ ಅನ್ನುತ್ತೀಯ ಅಂದುಕೊಂಡಿದ್ದೆ. ಆದರೆ ಹೊರಡುವ ದಿನ ನನಗಿಂತ ಮೊದಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಸೀರೆ ಉಟ್ಟು ರೆಡಿಯಾಗಿದ್ದೆ. ಬಸ್ಸಿನಲ್ಲಿ ಒಂದೇ ಒಂದು ಮಾತು ಕೇಳಿದೆ — "ಅಲ್ಲಿ ಎಲ್ಲಾನೂ ಹೇಳ್ಬೋದಾ ರೀ?"

"ನಾನಿರ್ತೀನಲ್ಲ" ಅಂದೆ. ಧೈರ್ಯ ಹೇಳಿದೆ ಅಂತಲೇ ಆಗ ಅಂದುಕೊಂಡಿದ್ದು.

ಮೇಡಂ ಅವರ ರೂಮು ಒಂದು ಮನೆಯ ಮಹಡಿಯಲ್ಲಿತ್ತು. ಫಾರಂ ನಾನೇ ತುಂಬಿದೆ. ಫೋನ್ ನಂಬರಿನ ಜಾಗದಲ್ಲಿ ನನ್ನ ನಂಬರ್ ಹಾಕಿದೆ. ಅವರು ಒಂದು ಹಾಳೆಯನ್ನು ನಿನ್ನ ಕಡೆ ಚಾಚಿ, "ಶುರು ಮಾಡೋಕ್ ಮುಂಚೆ ಇದನ್ನ ಓದ್ಕೊಳ್ಳಿ. ಏನಿದ್ರೂ ಕೇಳಿ" ಅಂದರು. ನೀನು ಕೈ ಎತ್ತುವಷ್ಟರಲ್ಲಿ ನಾನು ತೆಗೆದುಕೊಂಡು, ಮಡಿಸಿ, ಜೇಬಿಗಿಟ್ಟೆ. ಕಾಗದಪತ್ರವೆಲ್ಲ ನನ್ನದೇ ಅಲ್ಲವೇ. ಆಮೇಲೆ ಹೇಳುತ್ತಾ ಹೋದೆ — ಹೆಸರು, ವಯಸ್ಸು, ಮದುವೆಯಾಗಿ ಇಷ್ಟು ವರ್ಷ, ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ. ಸೈಟಿಗೆ ನಾಲ್ಕು ದಿಕ್ಕು ಬರೆಸಿದ ಹಾಗೆ ನಿನ್ನ ಸಂಕಟವನ್ನು ಬರೆಸುತ್ತಿದ್ದೆ. ಮೇಡಂ ಮಾತ್ರ ನಿನ್ನನ್ನೇ ನೋಡುತ್ತಿದ್ದರು.

"ಭಾಗ್ಯ ಅವ್ರೇ, ನೀವ್ ಹೇಳಿ."

ನೀನು ಸೆರಗಿನ ತುದಿ ಬಿಟ್ಟು ತಲೆ ಎತ್ತಿದೆ. "ಅವತ್ತು ಕುಣಿಗಲ್ಲಲ್ಲಿ, ನಾನು ಇವ್ರಿಗೆ —"

"ಹೌದು ಮೇಡಂ, ಕುಣಿಗಲ್ಲಲ್ಲಿ ನಮ್ಮಕ್ಕನ ಮಗಳ ನಿಶ್ಚಿತಾರ್ಥ ಇತ್ತು. ಓಡಾಡಿ ಸುಸ್ತಾಗಿತ್ತು ಇವಳಿಗೆ" ಅಂದೆ ನಾನು.

ಮೇಡಂ ಪೆನ್ನು ಕೆಳಗಿಟ್ಟರು. "ಸರ್, ನೀವು ಸ್ವಲ್ಪ ಹೊರಗೆ ಕೂತ್ಕೋತೀರಾ?"

"ನಮ್ಮಿಬ್ರ ಮಧ್ಯೆ ಮುಚ್ಚುಮರೆ ಏನೂ ಇಲ್ಲ ಮೇಡಂ."

ನಾನು ಏಳಲಿಲ್ಲ. ನೀನು ಮತ್ತೆ ಬಾಯಿ ತೆರೆಯಲಿಲ್ಲ. ಹೊರಡುವಾಗ ಅವರು, "ಮುಂದೆ ಯಾವಾಗ ಅಂತ ನಾನೇ ಫೋನ್ ಮಾಡ್ತೀನಿ ಭಾಗ್ಯ ಅವ್ರೇ" ಅಂದಾಗ ನೀನು ತಲೆಯಾಡಿಸಿದೆ, ಅಷ್ಟೇ.

ಯಾಕೆ ಏಳಲಿಲ್ಲ — ಅದನ್ನೂ ಹೇಳಿಬಿಡುತ್ತೇನೆ. ಮಗು ಹೋದ ದಿನ ತುಮಕೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, "ಯಾಕಿಷ್ಟು ಲೇಟ್ ಮಾಡಿದ್ರಿ?" ಅಂತ ನನ್ನನ್ನು ಕೇಳಿದರು. "ಇವಳು ಸಂಜೆವರ್ಗೂ ಹೇಳ್ಲೇ ಇಲ್ಲ ಡಾಕ್ಟ್ರೇ" ಅಂದೆ. ನೀನು ಪರದೆಯ ಆಚೆ ಮಲಗಿದ್ದೆ. ಕೇಳಿಸಿತೋ ಇಲ್ಲವೋ ಎಂದು ಇವತ್ತಿಗೂ ನಿನ್ನನ್ನು ಕೇಳಿಲ್ಲ. ನೆಂಟರಿಗೆಲ್ಲ ಅದೇ ಸುದ್ದಿಯಾಯಿತು. ಅಕ್ಕ ನಮ್ಮ ಮನೆಗೇ ಬಂದು, "ಹೊಟ್ಟೇಲಿರೋ ಮಗು ಅಲ್ಲಾಡ್ತಿಲ್ಲ ಅಂತ ಹೆತ್ತೋಳಿಗೆ ಗೊತ್ತಾಗ್ಬಾರ್ದಾ" ಅಂದಾಗ ನಾನು ಪೇಪರ್ ಓದುತ್ತಿದ್ದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಅದಾದ ಮೇಲೆ ಒಂದು ದಿನ ನೀನೇ ಬಂದು ಕೇಳಿದೆ — "ನಾನ್ ಹೇಳಿದ್ದೆ ಅಲ್ವಾ ರೀ? ನಂಗೆ ಹಂಗೇ ನೆನಪು." ನಿನ್ನ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ಅನುಮಾನವಿತ್ತು. "ಈಗ್ಯಾಕೆ ಅದೆಲ್ಲ, ಬುಡು" ಅಂದುಬಿಟ್ಟೆ.

ಆ ಅನುಮಾನವನ್ನು ಹೊತ್ತುಕೊಂಡೇ ನೀನು ಇಸ್ತ್ರಿ ಸೀರೆ ಉಟ್ಟು ಬಂದಿದ್ದು. ನನಗೆ ಅದು ಗೊತ್ತಿತ್ತು. ಹೊರಗೆ ಹೋಗಿ ಕೂತರೆ ನೀನು ಹೇಳಿಬಿಡುತ್ತೀಯ, ಇನ್ನೊಬ್ಬರು ನಂಬಿಬಿಡುತ್ತಾರೆ — ಇದೇ ಭಯ.

ಎರಡು ದಿನ ಬಿಟ್ಟು ಮೇಡಂ ಫೋನ್ ಮಾಡಿದರು. "ಭಾಗ್ಯ ಅವ್ರಿಗೆ ಕೊಡ್ತೀರಾ?" ನೀನು ಎದುರಿಗೇ ಹೂಕೋಸು ಹೆಚ್ಚುತ್ತಿದ್ದೆ. ಎದ್ದು ಬೀದಿಗೆ ಬಂದು, ಸ್ನಾನಕ್ಕೆ ಹೋಗಿದಾಳೆ ಅಂದೆ. "ಗುರುವಾರ ಹನ್ನೊಂದು ಗಂಟೆ ಅವ್ರಿಗೇ ಅಂತ ಇಟ್ಟಿದೀನಿ. ಒಬ್ರೇ ಬರ್ಲಿ. ತುಂಬಾ ಹೇಳ್ಕೊಳ್ಳೋದಿದೆ ಅವ್ರಿಗೆ, ಒಂದ್ ದಿನಕ್ಕೆ ಮುಗಿಯಲ್ಲ. ಗುರುವಾರ ಆಗ್ದಿದ್ರೆ ಯಾವಾಗ ಬೇಕಾದ್ರೂ ಬರ್ಬೋದು ಅಂತ ಹೇಳಿ." ಹೇಳ್ತೀನಿ ಅಂದೆ.

ನಾಲ್ಕು ದಿನ ನೀನು ಕೇಳುತ್ತಲೇ ಇದ್ದೆ, ಮೇಡಂ ಫೋನ್ ಮಾಡಿದ್ರಾ ಅಂತ. ಐದನೇ ದಿನ ಹೇಳಿದೆ — "ಮಾಡಿದ್ರು. ನಿಂಗೇನೂ ಆಗಿಲ್ವಂತೆ. ಇನ್ ಬರೋದು ಬೇಡ ಅಂದ್ರು."

ನೀನು "ನಾನಿನ್ನೂ ಏನೂ ಹೇಳೇ ಇರ್ಲಿಲ್ವಲ್ರೀ" ಅಂದೆ.

ಆಮೇಲೆ ನೀನು ಬಟ್ಟೆಯನ್ನು ಬಕೆಟ್ಟಿನಲ್ಲಿ ಬಿಡಲಿಲ್ಲ. ಎಲ್ಲ ಕೆಲಸ ಹೊತ್ತೊತ್ತಿಗೆ ಆಯಿತು. ಹುಷಾರಾದಳು ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡು ತಿರುಗಾಡಿದೆ. ಆದರೆ ಆವತ್ತಿನಿಂದ ನೀನು ನನ್ನನ್ನಾಗಲಿ ಬೇರೆಯವರನ್ನಾಗಲಿ ಯಾವುದರ ಬಗ್ಗೆಯೂ ನೆನಪಿದೆಯಾ ಎಂದು ಕೇಳಿದ್ದೇ ಇಲ್ಲ. ಕುಣಿಗಲ್ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತೀಯ.

ಹೀಗೇ ಕಳೆದುಹೋಗುತ್ತಿತ್ತೇನೋ. ಮೂರು ವಾರದ ಕೆಳಗೆ ಮೇಘನ ಹಾಸ್ಟೆಲಿನಿಂದ ಬಂದಾಗ, ಊಟಕ್ಕೆ ಕೂತು ಅನ್ನ ಕಲಸುತ್ತಾ ಹೇಳಿದಳು — ಎದೆ ಢವಢವ ಅನ್ನುತ್ತೆ, ಕ್ಲಾಸಿನಲ್ಲಿ ಕೂರಲಾಗಲ್ಲ, ಯಾರಾದರೂ ಕೌನ್ಸೆಲರ್ ಹತ್ತಿರ ಹೋಗಬೇಕು. ನೀನು ಸಾರಿನ ಸೌಟು ಹಿಡಿದುಕೊಂಡೇ ಅಂದೆ, "ಬೇಡ ಕಣೇ. ನಾನೂ ಹೋಗಿದ್ದೆ. ಒಂದ್ಸಲ ನೋಡಿ, ನಿಂದೇನೂ ಇಲ್ಲ ಹೋಗು ಅಂತಾರೆ. ಆಮೇಲೆ ಯಾರತ್ರಾನೂ ಬಾಯಿ ಬಿಡೋಕೆ ಮನಸ್ಸು ಬರಲ್ಲ."

"ಸರಿ ಬಿಡಮ್ಮ" ಅಂದಳು ಅವಳು. ನಾನು ಮಜ್ಜಿಗೆ ಹಾಕಿಸಿಕೊಂಡು ಊಟ ಮುಗಿಸಿದೆ. ಭಾಗ್ಯ, ಆಗಲೂ — ಮಗಳು ಎದುರಿಗೆ ಕೂತಿದ್ದಾಗಲೂ — ಸುಮ್ಮನಿದ್ದೆ.

ಅವತ್ತು ಮೇಡಂ ಕೊಟ್ಟ ಆ ಹಾಳೆ ಇನ್ನೂ ಇದೆ. ಸ್ಟಾಂಪ್ ಪೇಪರ್ ಇಡುವ ಟ್ರಂಕಿನ ತಳದಲ್ಲಿತ್ತು; ಈ ಕಾಗದದ ಜೊತೆ ಇಟ್ಟಿದ್ದೇನೆ. ನಿನಗೆ ಸೇರಬೇಕಾಗಿದ್ದದ್ದು. ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಆಗಿದೆ ಎಂದು ನಮ್ಮನ್ನು ಕೇಳಬಹುದು, ಅದರಲ್ಲಿ ಸಂಕೋಚ ಬೇಡ ಅಂತಿದೆ. ಫೀಸು ಎಷ್ಟು, ಎಷ್ಟು ಸಲ ಬರಬೇಕಾಗಬಹುದು ಅಂತ ಮೊದಲೇ ಕೇಳಿಕೊಳ್ಳಿ ಅಂತಿದೆ. ಜೀವಕ್ಕೆ ಅಪಾಯ ಅನ್ನಿಸಿದರೆ ಹೊರತು ಇಲ್ಲಿ ಹೇಳಿದ್ದು ಗಂಡನಿಗೂ ಹೋಗುವುದಿಲ್ಲವಂತೆ. ಮೊದಮೊದಲು ಮನಸ್ಸು ಇನ್ನೂ ಭಾರವಾಗಬಹುದು, ಹಾಗಾದರೆ ಅದನ್ನೂ ಹೇಳಿ. ಮಾತ್ರೆ ಬೇಕು ಅನ್ನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತೇವೆ. ನಮ್ಮ ಹತ್ತಿರ ಹೊಂದದಿದ್ದರೆ ಬೇರೆಯವರ ಹತ್ತಿರ ಹೋಗಬಹುದು, ನಮಗೆ ಬೇಜಾರಿಲ್ಲ. ಬಸ್ಸಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇತ್ತು. ಕೆಳಗೆ, ಓದಿ ತಿಳಿದುಕೊಂಡಿದ್ದೇನೆ ಎಂಬಲ್ಲಿ, ನಿನ್ನ ಸಹಿಯ ಜಾಗ ಖಾಲಿ ಇದೆ. ಓದಿ ಹೇಳದೆ ಯಾರಿಂದಲೂ ಸಹಿ ಹಾಕಿಸಿದವನಲ್ಲ ಎಂದು ಗುಬ್ಬಿಯಲ್ಲಿ ನನಗೆ ಒಳ್ಳೆಯ ಹೆಸರಿದೆ.

ಮೇಘನಳಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಅಮ್ಮ ಹೇಳಿದ್ದು ಅಪ್ಪನ ಸುಳ್ಳು ಅಂತ. ಅಕ್ಕನಿಗೂ ಹೇಳುತ್ತೇನೆ. ನೀನು ಕ್ಷಮಿಸಬೇಕು ಅಂತ ಬರೆದದ್ದಲ್ಲ ಇದು. ನಿನ್ನ ನೆನಪು ಸರಿಯಾಗಿತ್ತು ಅಂತ ಹೇಳುವುದಕ್ಕೆ ಬರೆದದ್ದು.

ನೀನು ಹೇಳಿದ್ದೆ, ಭಾಗ್ಯ. ತಟ್ಟೆ ಬದಲಾಯಿಸುವುದಕ್ಕೆ ಮುಂಚೆ, ಛತ್ರದ ಕಂಬದ ಹತ್ತಿರ ನನ್ನ ಶರಟಿನ ತೋಳು ಹಿಡಿದು, "ಬೆಳಿಗ್ಗೆಯಿಂದ ಮಗು ಅಲ್ಲಾಡ್ತಾ ಇಲ್ಲ ಕಣ್ರೀ" ಅಂದೆ. ನಾನು ಸೋದರಮಾವ, ಹುಡುಗನ ಕಡೆಯವರು ಕಾಯುತ್ತಿದ್ದಾರೆ, "ಇದೊಂದ್ ಆಗ್ಲಿ ಇರು" ಅಂದೆ. ಪಂಕ್ತಿಯಲ್ಲಿ ನಾನು ಪಾಯಸ ಬಡಿಸುತ್ತಿದ್ದಾಗ ನೀನು ಇನ್ನೊಂದು ಸಲ ಬಂದು, "ಹೋಗೋಣ ಬನ್ರೀ" ಅಂದೆ. "ನೆಂಟ್ರು ಉಣ್ತಾ ಇದಾರೆ" ಅಂದೆ ನಾನು. ಹೊರಟಾಗ ನಾಲ್ಕು ಗಂಟೆ. ಎರಡು ಸಲ ಹೇಳಿದ್ದೆ ನೀನು. ಎರಡು ಸಲವೂ ನನಗೆ ಸರಿಯಾಗಿ ಕೇಳಿಸಿತ್ತು.

ಇದನ್ನು ನೀನು ಓದುವಾಗ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೀನಾಗಿ ಕರೆಯುವವರೆಗೂ ಒಳಗೆ ಬರುವುದಿಲ್ಲ.